ಅಂಕಿ ಹೋಗಿ ಮುಳ್ಳು ಬಂದ ಕಥೆ

ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಳೆದ ನನ್ನಂಥವನು ಅಂಕಿಗಳನ್ನು ಕುರಿತು ಸಂಶಯದ ಮಾತನ್ನಾಡಿದರೆ ವಾಚಕರಿಗೆ ಸೋಜಿಗವೆನಿಸಬಹುದು. ಅಂಕಿಗಳೇ ನಮಗೆ ಅನ್ನವನ್ನಿತ್ತಿವೆ. ಅವುಗಳ ಮೇಲಿನ ನಂಬಿಕೆಯೇ ನಮ್ಮ ವೃತ್ತಿಯ ಬುನಾದಿ. ಆದರೆ ಅಂಕಿಯೂ ಸುಳ್ಳು ಹೇಳಬಲ್ಲದು, ಹೇಳುವಾಗ ನಿಜದ ಮುಖವನ್ನೇ ಹೊತ್ತಿರಬಲ್ಲದು ಎಂಬ ಪಾಠವನ್ನು ನಾನು ಕಲಿತದ್ದು ಒಂದು ಹಳೆಯ ಮೋಟಾರು ಕಾರಿನಿಂದ. ಆ ಕಾರಿನ ಅಂಕಿಯ ಮಾಪಕಗಳನ್ನು ತೆಗೆದು ಮುಳ್ಳಿನ ಮಾಪಕಗಳನ್ನು ಕೂಡಿಸಿದ ಕಥೆಯನ್ನು ಈ ಸಂಚಿಕೆಯ ಆರೋಗ್ಯ ಲೇಖನಗಳ ನಡುವೆ ಹೇಳಲು ಕಾರಣವಿದೆ. ಅದು ಮುಂದೆ ತಾನೇ ಸ್ಪಷ್ಟವಾಗುವುದು.

ನಮ್ಮ ಬಳಗದ ಹಿರಿಯರೊಬ್ಬರಿದ್ದಾರೆ. ಇಲ್ಲಿ ಅವರನ್ನು ರಾಯರೆಂದಷ್ಟೇ ಕರೆಯುತ್ತೇನೆ. ಮೂಲತಃ ಧಾರವಾಡದವರು. ಸಿಂಗಪುರದಲ್ಲಿ ಎಂಜಿನಿಯರಾಗಿ ದುಡಿದು 1989ರಲ್ಲಿ ಪುಣೆಗೆ ಬಂದು ನೆಲೆಸಿದಾಗ, 1986ರ ಮಾದರಿಯ ಒಂದು ಜಪಾನೀ ಕಾರನ್ನು ಸುಂಕ ತೆತ್ತು ಜೊತೆಯಲ್ಲಿ ತಂದರು. ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಮಾರುತಿ 800 ಇವೇ ನಮ್ಮ ರಸ್ತೆಗಳನ್ನು ತುಂಬಿದ್ದ ಆ ಕಾಲದಲ್ಲಿ ಆ ಕಾರು ಓಣಿಗೆಲ್ಲ ಬೆರಗನ್ನುಂಟುಮಾಡಿತ್ತಂತೆ. ಕೀಲಿ ತಿರುಗಿಸಿದೊಡನೆ ಡ್ಯಾಶ್‌ಬೋರ್ಡಿನ ಕಪ್ಪು ಗಾಜಿನ ಮೇಲೆ ತಿಳಿಹಸಿರು ಅಂಕಿಗಳು ಹೊತ್ತಿಕೊಳ್ಳುತ್ತಿದ್ದವು. ವೇಗಕ್ಕೆ ಅಂಕಿ, ಎಂಜಿನಿನ ಉಷ್ಣತೆಗೂ ಪೆಟ್ರೋಲಿಗೂ ಸಾಲುಗಟ್ಟಿದ ಬೆಳಕಿನ ಚೌಕಗಳು. ಮುಳ್ಳೆಂಬುದು ಎಲ್ಲಿಯೂ ಇರಲಿಲ್ಲ.

ಒಂದು ತೊಂದರೆ ಮಾತ್ರ ಮೊದಲಿನಿಂದಲೂ ಇತ್ತು. ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬಿದ್ದರೆ ಅಂಕಿಗಳು ಮಾಸಿ ಹೋಗುತ್ತಿದ್ದವು. ರಾಯರ ಪತ್ನಿ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದವರು, ಪಕ್ಕದ ಆಸನದಲ್ಲಿ ಕುಳಿತು ಮುಂದಕ್ಕೆ ಬಾಗಿ, ಅಂಗೈಯನ್ನು ಮರೆ ಹಿಡಿದು, “ಐವತ್ತೈದು… ಅರವತ್ತು… ಇನ್ನ ಸಾಕ್ರಿ” ಎಂದು ಓದಿ ಹೇಳುತ್ತಿದ್ದರು. ವರ್ಷಕ್ಕೊಮ್ಮೆಯಾದರೂ ನಡೆಯುತ್ತಿದ್ದ ಪುಣೆ–ಧಾರವಾಡ ಪ್ರಯಾಣದ ಸುಮಾರು 420 ಕಿಲೋಮೀಟರುಗಳನ್ನು ದಂಪತಿಗಳು ಹೀಗೆಯೇ ಕ್ರಮಿಸುತ್ತಿದ್ದರು. ನಾಲ್ಕು ವರ್ಷಗಳ ಹಿಂದೆ ಕಾಕು ತೀರಿಕೊಂಡರು.

ಖಂಬಾಟಕಿ ಘಾಟಿನಲ್ಲಿ

ಕಳೆದ ವರ್ಷದ ಅಕ್ಟೋಬರಿನಲ್ಲಿ ಒಂದು ಮದುವೆಯ ನಿಮಿತ್ತ ರಾಯರೊಡನೆ ನಾನು ಧಾರವಾಡಕ್ಕೆ ಹೊರಟೆ. ಎಪ್ಪತ್ತೆಂಟರ ಪ್ರಾಯದಲ್ಲಿಯೂ ಅವರೇ ಕಾರು ನಡೆಸುತ್ತಿದ್ದರು. ಕಾತ್ರಜ ದಾಟಿ ಸಾತಾರಾ ಹೆದ್ದಾರಿಯಲ್ಲಿ ಸಾಗುವಾಗ ಫಲಕದಲ್ಲಿ 60 ಎಂಬ ಅಂಕಿ ನಿಚ್ಚಳವಾಗಿ ಉರಿಯುತ್ತಿತ್ತು. ಆದರೆ ಬದಿಯ ಮರಗಳು ಹಿಂದೆ ಸರಿಯುವ ರೀತಿ ಅರವತ್ತರದ್ದಾಗಿ ನನಗೆ ತೋರಲಿಲ್ಲ. ಕಿಲೋಮೀಟರಿನ ಕಲ್ಲುಗಳನ್ನು ಗುರುತು ಹಿಡಿದು ಕೈಗಡಿಯಾರ ನೋಡಿದೆ. ಒಂದು ಕಿಲೋಮೀಟರಿಗೆ ಹಿಡಿದದ್ದು 45 ಸೆಕೆಂಡು. ಅಂದರೆ ಗಂಟೆಗೆ 80 ಕಿಲೋಮೀಟರು!

ಕಾರಣವು ಊಹಿಸಲಾಗದಷ್ಟು ಚಿಕ್ಕದು. ಬೆಳಕಿನ ಅಂಕಿಯೊಂದು ಏಳು ಗೆರೆಗಳಿಂದ ಆಗಿರುತ್ತದೆ. ಏಳೂ ಉರಿದರೆ 8. ಅದರಲ್ಲಿ ಬಲಗಡೆಯ ಮೇಲಿನ ಗೆರೆಯೊಂದು ಆರಿದರೆ ಕಾಣುವುದು 6. ನಡುವಿನ ಅಡ್ಡಗೆರೆ ಆರಿದರೆ ಅದೇ 8 ಸೊನ್ನೆಯಾಗುತ್ತದೆ. ರಾಯರ ಕಾರಿನಲ್ಲಿ ಹತ್ತರ ಸ್ಥಾನದ ಅಂಕಿಯ ಮೇಲಿನ ಬಲಗೆರೆ ಯಾವಾಗಲೋ ಸತ್ತುಹೋಗಿತ್ತು. ಎಂಬತ್ತು ಅರವತ್ತಾಗಿ ಕಾಣುತ್ತಿತ್ತು. ತೊಂಬತ್ತು ಐವತ್ತಾಗಿ ಕಾಣುತ್ತಿತ್ತು. ಬ್ಯಾಂಕಿನಲ್ಲಿ 54ನ್ನು 45 ಎಂದು ಹಿಂದುಮುಂದಾಗಿ ಬರೆದರೆ ವ್ಯತ್ಯಾಸವು ಒಂಬತ್ತರಿಂದ ಭಾಗವಾಗುತ್ತದೆ. ಆ ಸುಳಿವು ಹಿಡಿದು ತಪ್ಪನ್ನು ಹುಡುಕುತ್ತೇವೆ. ಇಲ್ಲಿ ಅಂಥ ಸುಳಿವೂ ಇರಲಿಲ್ಲ. ಮುರಿದ ಮುಳ್ಳು ಸೊನ್ನೆಯ ಬಳಿ ಬಿದ್ದಿರುತ್ತದೆ, ಇಲ್ಲವೆ ನಡುಗುತ್ತದೆ; ತಾನು ಕೆಟ್ಟಿರುವುದನ್ನು ಸಾಮಾನ್ಯವಾಗಿ ತಾನೇ ಸಾರುತ್ತದೆ. ಮುರಿದ ಅಂಕಿ ಇನ್ನೊಂದು ಅಂಕಿಯಾಗಿ ನಿಲ್ಲುತ್ತದೆ.

ನಾನು ಲೆಕ್ಕ ಹೇಳಿದೊಡನೆ ರಾಯರು ವೇಗವನ್ನು ತಗ್ಗಿಸಿದರು. ಆದರೆ ದಿನದ ಪಾಠ ಮುಗಿದಿರಲಿಲ್ಲ. ಖಂಬಾಟಕಿ ಘಾಟಿನ ಏರಿನಲ್ಲಿ ಬಾನೆಟ್ಟಿನ ಸಂದಿನಿಂದ ಹಬೆ ಎದ್ದಿತು. ಉಷ್ಣತೆಯ ಚೌಕಗಳಲ್ಲಿ ಮೇಲಿನ ಮೂರು ಎಂದೋ ಆರಿಹೋಗಿದ್ದುದರಿಂದ ಎಂಜಿನು ಕುದಿಯುತ್ತಿದ್ದರೂ ಫಲಕವು ತಣ್ಣಗಿರುವಂತೆ ತೋರಿಸುತ್ತಿತ್ತು. ಹಿಂದೆ ಭಾರದ ಲಾರಿಗಳ ಸಾಲು, ಒಂದು ಬದಿಗೆ ಕಣಿವೆ. ಹೇಗೋ ಅಂಚಿಗೆ ನಿಲ್ಲಿಸಿ ಮುಕ್ಕಾಲು ಗಂಟೆ ಕಾದೆವು. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಲ್ಲಿ ತೆರೆಯಬಾರದೆಂಬುದು ರಾಯರಿಗೆ ತಿಳಿದಿತ್ತಾಗಿ ಕೈ ಸುಟ್ಟುಕೊಳ್ಳಲಿಲ್ಲ. ಮದುವೆಯ ಮುಹೂರ್ತಕ್ಕೆ ಮಾತ್ರ ತಲುಪಲಿಲ್ಲ.

ಸುದ್ದಿ ತಿಳಿದ ಮಗಳು ಬೆಂಗಳೂರಿನಿಂದ ಫೋನು ಮಾಡಿ, ಕಾರನ್ನು ಮಾರಿಬಿಡಬೇಕೆಂದೂ ಅಪ್ಪ ಇನ್ನು ಚಕ್ರ ಹಿಡಿಯಬಾರದೆಂದೂ ಕಣ್ಣೀರಿಟ್ಟಳು. ರಾಯರು ಎರಡು ದಿನ ಮೌನವಾಗಿದ್ದರು. ಮೂರನೆಯ ದಿನ ನನ್ನನ್ನು ಕರೆಸಿ, “ನೀವು ಲೆಕ್ಕದ ಮನಶ್ಯಾರು. ಎರಡೂ ಖಾತೆ ತಪಾಸ ಮಾಡೋಣು. ಗಾಡಿ ನನಗ ಕಾಣೂ ಹಂಗ ಆಗತದೋ ನೋಡೋಣು. ನನ್ನ ಕಣ್ಣು ಗಾಡಿ ನಡಸೂ ಹಂಗ ಅದಾವೋ ಇಲ್ಲೋ ಡಾಕ್ಟರು ಹೇಳಲಿ. ಎರಡರೊಳಗ ಒಂದು ಸೋತರೂ ಮಾರಿಬಿಡತೇನಿ” ಎಂದರು. ಇದಕ್ಕಿಂತ ನ್ಯಾಯವಾದ ಪಂಚಾಯಿತಿ ಬೇರೆ ಇರಲಾರದು.

ಎರಡು ಬಗೆಯ ಮಾಪಕಗಳು

ಮುಂದಿನ ಕೆಲಸವನ್ನು ತಿಳಿಯಲು ಎರಡು ಬಗೆಯ ಮಾಪಕಗಳ ಮರ್ಮವನ್ನು ಸ್ವಲ್ಪ ಅರಿಯಬೇಕು. ಮುಳ್ಳಿನ ವೇಗಮಾಪಕಕ್ಕೆ ಜರ್ಮನಿಯ ಒಟ್ಟೊ ಶುಲ್ಝ್ ಎಂಬವರು 1902ರಲ್ಲಿ ಪೇಟೆಂಟು ಪಡೆದರು. ಗೇರ್‌ಬಾಕ್ಸಿನಿಂದ ಹೊರಟ ಒಂದು ಉದ್ದನೆಯ ತಂತಿ ಫಲಕದ ಹಿಂದಿರುವ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ತಾಕದಂತೆ ಒಂದು ಅಲ್ಯುಮಿನಿಯಂ ಬಟ್ಟಲು ಕುಳಿತಿರುತ್ತದೆ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳು ಹುಟ್ಟಿ ಅದನ್ನು ತಮ್ಮೊಡನೆ ಎಳೆಯುತ್ತವೆ. ಕೂದಲೆಳೆಯಂಥ ಸುರುಳಿ ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತದೆ. ಈ ಎರಡು ಎಳೆತಗಳು ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ವಿದ್ಯುತ್ ತಂತಿಯ ಹಂಗೇ ಇಲ್ಲದ ಈ ಸರಳ ಯಂತ್ರ ಒಂದು ಶತಮಾನದುದ್ದಕ್ಕೂ ಲೋಕದ ವಾಹನಗಳಿಗೆ ಸೇವೆ ಸಲ್ಲಿಸಿತು.

ತಿಳಿಹಸಿರು ಬೆಳಕಿನ ಅಂಕಿಯ ಗಾಜು 1967ರಲ್ಲಿ ಜಪಾನಿನಲ್ಲಿ ಹುಟ್ಟಿತು. ಗಾಳಿ ತೆಗೆದ ಗಾಜಿನೊಳಗೆ ಅತಿ ತೆಳುವಾದ ತಂತಿ ಕಾದು ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಅವು ಬಡಿದ ಗೆರೆ ಬೆಳಗುತ್ತದೆ. 1976ರಲ್ಲಿ ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ಲಗೊಂಡಾ ಬೆಳಕಿನ ಅಂಕಿಗಳ ಫಲಕವನ್ನು ಹೊತ್ತು ಪ್ರದರ್ಶನಕ್ಕೆ ಬಂದಿತು. 1981ರಲ್ಲಿ ಜಪಾನಿನ ಟೊಯೊಟಾ ಸೋರರ್, 1984ರ ಮಾದರಿಯಲ್ಲಿ ಅಮೆರಿಕದ ಶೆವ್ರೊಲೆ ಕಾರ್ವೆಟ್ ಅದೇ ಹಾದಿ ಹಿಡಿದವು. ಆ ದಶಕದಲ್ಲಿ ಅಂಕಿಯೇ ಆಧುನಿಕತೆಯ ಗುರುತಾಗಿತ್ತು. ಆದರೆ 1990ರ ಕಾರ್ವೆಟ್ಟಿನಲ್ಲಿ ವೇಗವೊಂದನ್ನು ಅಂಕಿಯಲ್ಲಿ ಉಳಿಸಿ, ಎಂಜಿನಿನ ಸುತ್ತು, ಉಷ್ಣತೆ ಮುಂತಾದವುಗಳಿಗೆ ಮುಳ್ಳುಗಳನ್ನು ಮರಳಿ ತಂದರು. ಇಂದಿನ ಹೊಸ ಕಾರುಗಳ ಪರದೆಗಳಲ್ಲಿಯೂ ಎಷ್ಟೋ ಕಡೆ ಮುಳ್ಳಿನ ಚಿತ್ರವನ್ನೇ ಬರೆದು ತೋರಿಸುತ್ತಾರೆಂಬುದು ಗಮನಾರ್ಹ.

ಇದರ ಕಾರಣ ಸರಳವಾಗಿದೆ. “ಎಷ್ಟು” ಎಂಬ ಪ್ರಶ್ನೆಗೆ ಅಂಕಿ ಚೊಕ್ಕ ಉತ್ತರ ಕೊಡುತ್ತದೆ. “ಎತ್ತ ಸಾಗುತ್ತಿದೆ, ಎಷ್ಟು ಬೇಗ” ಎಂಬುದಕ್ಕೆ ಮುಳ್ಳು ಉತ್ತರ ಕೊಡುತ್ತದೆ. ಅದನ್ನು ಓದಬೇಕಾಗಿಲ್ಲ, ಓರೆಯಾಗಿ ಕಂಡರೂ ಸಾಕು. ಓಟದ ಕಾರುಗಳಲ್ಲಿ ಮಿತಿಯ ಗುರುತು ನೆಟ್ಟಗೆ ಮೇಲೆ ಬರುವಂತೆ ಮಾಪಕವನ್ನೇ ತಿರುಗಿಸಿ ಕೂಡಿಸುತ್ತಿದ್ದುದೂ ಈ ಉದ್ದೇಶದಿಂದಲೇ.

ಬದಲಾವಣೆಯ ಕ್ರಮ

ಹಳೆಯ ಕಾರಿನ ಮೂಲರೂಪವನ್ನು ಕಾರಣವಿಲ್ಲದೆ ಕೆಡಿಸಬಾರದೆಂಬುದು ರಾಯರ ನಿಷ್ಠೆ. ಆದ್ದರಿಂದ ಮೊದಲು ದುರಸ್ತಿಗೇ ಯತ್ನಿಸಿದೆವು. ಬುಧವಾರ ಪೇಠೆಯ ತಪಕೀರ ಗಲ್ಲಿಯಲ್ಲಿ ಒಬ್ಬ ಎಲೆಕ್ಟ್ರಾನಿಕ್ ಕುಶಲಿಗರು ಫಲಕವನ್ನು ಬಿಚ್ಚಿ, ದಶಕಗಳ ಬಿಸಿಲಿಗೆ ಒಳಗಿನ ದ್ರವ ಒಣಗಿದ್ದ ಕೆಪಾಸಿಟರುಗಳನ್ನು ಬದಲಿಸಿ, ಬಿರುಕು ಬಿಟ್ಟ ಬೆಸುಗೆಗಳನ್ನು ಹೊಸದಾಗಿ ಹಾಕಿದರು. ಬೆಳಕು ಹೆಚ್ಚಿತು, ಸತ್ತ ಗೆರೆ ಮಾತ್ರ ಏಳಲಿಲ್ಲ. ಅದನ್ನು ನಡೆಸುವ ಚಿಪ್ಪು ಸುಟ್ಟಿದ್ದು, ಅಂಥದು ಈಗ ತಯಾರಾಗುವುದಿಲ್ಲವೆಂದು ತಿಳಿಯಿತು. ಕೆಲಸದ ಕೂಲಿಯನ್ನು ಕೊಟ್ಟು ಮರಳಿದೆವು.

ಅದೇ ಮಾದರಿಯ ಕಡಮೆ ಬೆಲೆಯ ಕಾರುಗಳಿಗೆ ಕಾರ್ಖಾನೆಯಲ್ಲಿಯೇ ಮುಳ್ಳಿನ ಫಲಕವನ್ನು ಕೂಡಿಸುತ್ತಿದ್ದರು. ಅಂಥದೊಂದು ಸಿಕ್ಕರೆ ಡ್ಯಾಶ್‌ಬೋರ್ಡನ್ನು ಕೊರೆಯದೆಯೇ ಕೂಡಿಸಬಹುದು. ನಾನಾ ಪೇಠೆಯ ಮಿಸ್ತ್ರಿಯೊಬ್ಬರು ಮೂರು ತಿಂಗಳು ಹುಡುಕಿ ಮುಂಬಯಿಯ ಕುರ್ಲಾದ ಗುಜರಿಯಿಂದ ಅದನ್ನು ತಂದರು. ಆಕಾರ ಹೊಂದಿತು, ತಂತಿಗಳ ಜೋಡಣೆ ಹೊಂದಲಿಲ್ಲ. ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಟ್ಟು, ಒಂದೊಂದೇ ತಂತಿಯನ್ನು ಮೀಟರಿನಿಂದ ಪರೀಕ್ಷಿಸಿ, ಬಣ್ಣ, ಮೂಲ, ಸೇರಬೇಕಾದ ಸ್ಥಳ ಇವನ್ನು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಈ ಗುಮಾಸ್ತಿಕೆಯೊಂದೇ ನನ್ನಿಂದಾದ ಸೇವೆ.

ವೇಗಮಾಪಕ ಸುಲಭವಾಯಿತು. ಅಂಕಿಯ ಫಲಕದ ಹಿಂದೆಯೂ ಗೇರ್‌ಬಾಕ್ಸಿನ ಅದೇ ತಂತಿ ಬಂದು ಒಂದು ಬೆಳಕಿನ ಕಣ್ಣಿನ ಮುಂದೆ ಸೀಳುಗಳುಳ್ಳ ಬಿಲ್ಲೆಯನ್ನು ತಿರುಗಿಸುತ್ತಿತ್ತು. ಜಪಾನೀ ಕಾರುಗಳಲ್ಲಿ ಈ ತಂತಿ ಸಾಮಾನ್ಯವಾಗಿ ಕಿಲೋಮೀಟರಿಗೆ 637 ಸುತ್ತು ತಿರುಗುತ್ತದೆ. ಅದನ್ನು ಹೊಸ ಮಾಪಕದ ಹಿಂಬದಿಗೆ ಸಿಕ್ಕಿಸಿದರೆ ಸಾಕಾಯಿತು.

ಉಷ್ಣತೆಯ ಮಾಪಕದಲ್ಲಿ ನಾವು ಮೋಸಹೋಗುವುದರಲ್ಲಿದ್ದೆವು. ಎಂಜಿನಿನಲ್ಲಿರುವ ಸಂವೇದಕವು ಬಿಸಿ ಏರಿದಂತೆ ತನ್ನ ವಿದ್ಯುತ್ ನಿರೋಧವನ್ನು ತಗ್ಗಿಸುತ್ತದೆ; ಆ ವ್ಯತ್ಯಾಸವೇ ಮುಳ್ಳಿನ ಚಲನೆ. ಅಂಕಿಯ ಫಲಕದ ಸಂವೇದಕದ ಅಳತೆ ಬೇರೆ, ಮುಳ್ಳಿನದರ ಅಳತೆ ಬೇರೆ. ಕೂಡಿಸುವ ಮೊದಲು ಹಳೆಯ ಸಂವೇದಕವನ್ನು ಮಿಸ್ತ್ರಿಯ ಚಹಾದ ಪಾತ್ರೆಯಲ್ಲಿ ನೀರು ಕುದಿಸಿ ಅದ್ದಿ ನೋಡಿದೆವು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಅಷ್ಟು ಬಿಸಿಯಲ್ಲಿಯೂ ಮುಳ್ಳು ನಡುಗೆರೆಯನ್ನು ದಾಟಲಿಲ್ಲ! ಹಾಗೆಯೇ ಕೂಡಿಸಿದ್ದರೆ ಖಂಬಾಟಕಿಯ ಕಥೆಯೇ ಮರುಕಳಿಸುತ್ತಿತ್ತು. ಮುಳ್ಳಿಗೆ ತಕ್ಕ ಸಂವೇದಕವನ್ನು ತಂದು ಅದ್ದಿದಾಗ ಮುಳ್ಳು ಕೆಂಪು ಗೆರೆಯ ಸಮೀಪಕ್ಕೆ ಸರಿಯಿತು. ಮುಳ್ಳೆಂದ ಮಾತ್ರಕ್ಕೆ ನಂಬಬಾರದು, ತಾಳೆ ನೋಡಿಯೇ ನಂಬಬೇಕು ಎಂಬುದು ಅಂದು ಮನದಟ್ಟಾಯಿತು. ಪೆಟ್ರೋಲಿನ ಮಾಪಕವನ್ನೂ ಹೀಗೆಯೇ, ಬಯಲಿನಲ್ಲಿ, ಬೆಂಕಿಯ ಸೋಂಕಿಲ್ಲದೆಡೆ, ಬರಿದಾದ ಟ್ಯಾಂಕಿಗೆ ಐದೈದು ಲೀಟರು ಸುರಿದು ತಾಳೆ ನೋಡಿದೆವು.

ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಕೂಡಿಸಿದ ಮರುದಿನ ಬ್ಯಾಟರಿ ಇಳಿದುಹೋಗಿತ್ತು. ಚಾರ್ಜಿನ ಕೆಂಪು ದೀಪದ ತಂತಿಯನ್ನು ಅಗತ್ಯವಿಲ್ಲವೆಂದು ಬಿಟ್ಟುಬಿಟ್ಟಿದ್ದೆವು. ಇಂಥ ಹಳೆಯ ಕಾರುಗಳಲ್ಲಿ ಆಲ್ಟರ್ನೇಟರು ವಿದ್ಯುತ್ ಉತ್ಪಾದನೆಯನ್ನು ಆರಂಭಿಸಲು ಬೇಕಾದ ಅಲ್ಪ ಪ್ರವಾಹ ಆ ದೀಪದ ಮೂಲಕವೇ ಹೋಗುತ್ತದೆ. ದೀಪವನ್ನು ಕೂಡಿಸಿದೊಡನೆ ದೋಷ ತೀರಿತು.

ಮುಂದಕ್ಕೆ ತಂದ ಬಾಕಿ

ಕಡೆಯದಾಗಿ ದೂರಮಾಪಕದ ಪ್ರಶ್ನೆ ಎದ್ದಿತು. ಹಳೆಯ ಫಲಕದಲ್ಲಿಯೂ ಅದೊಂದು ಹಲ್ಲುಚಕ್ರದ್ದೇ ಆಗಿದ್ದು 1,38,214 ಕಿಲೋಮೀಟರು ತೋರಿಸುತ್ತಿತ್ತು. ಗುಜರಿಯಿಂದ ಬಂದದ್ದು 61,907 ತೋರಿಸುತ್ತಿತ್ತು. ಹಾಗೆಯೇ ಬಿಟ್ಟರೆ ಮಾರುವಾಗ ಬೆಲೆ ಹೆಚ್ಚು ಬರುವುದೆಂದು ಮಿಸ್ತ್ರಿ ಸದ್ಭಾವನೆಯಿಂದಲೇ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ರಾಯರು ತಲೆಯಾಡಿಸಿದರು. “ಆಕಿ ಬಾಜೂಕ ಕೂತು ಬಂದ ದಾರಿ ಅದು. ಒಂದು ಮೈಲೂ ಕಡಿಮಿ ಆಗಬಾರದು” ಎಂದರು.

ಹೊಸ ಪುಟ ತೆರೆದಾಗ ಹಿಂದಿನ ಪುಟದ ಬಾಕಿಯನ್ನು ಮುಂದಕ್ಕೆ ತರುವುದು ಲೆಕ್ಕಶಾಸ್ತ್ರದ ಮೊದಲ ಪಾಠ. ಚಕ್ರಗಳನ್ನು 1,38,214ಕ್ಕೆ ತಿರುಗಿಸಿ, ದಿನಾಂಕ, ಎರಡು ಫಲಕಗಳ ಅಂಕಿಗಳು, ಬದಲಿಸಿದ ಕಾರಣ ಇವನ್ನು ಕಾರಿನ ಕಾಗದಪತ್ರಗಳೊಡನೆ ಬರೆದಿಟ್ಟು ಮೂವರೂ ಸಹಿ ಹಾಕಿದೆವು. ಹಳೆಯ ಕಾರನ್ನು ಕೊಳ್ಳುವವರೂ ಮಾರುವವರೂ ಈ ಒಂದು ಶಿಸ್ತನ್ನು ಪಾಲಿಸಬೇಕೆಂದು ನನ್ನ ವಿನಂತಿ.

ಬಳಿಕ ಹೆದ್ದಾರಿಯಲ್ಲಿ ವೇಗದ ಪರೀಕ್ಷೆ ನಡೆಯಿತು. ಮುಳ್ಳು 60ರಲ್ಲಿ ನಿಂತಾಗ ಕಿಲೋಮೀಟರಿಗೆ 63 ಸೆಕೆಂಡು ಹಿಡಿಯಿತು. ನಿಜವಾದ ವೇಗ ಸುಮಾರು 57. ವೇಗಮಾಪಕವು ತುಸು ಹೆಚ್ಚು ತೋರಿಸಬಹುದು, ಕಡಮೆ ತೋರಿಸಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಬರುವ ಲಾಭವನ್ನು ಎಣಿಸಬೇಡ, ಬರಬಹುದಾದ ನಷ್ಟಕ್ಕೆ ಮೊದಲೇ ತೆಗೆದಿಡು ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದ ತತ್ತ್ವವೇ ಅಲ್ಲಿಯೂ ಇರುವುದನ್ನು ಕಂಡು ಸಂತೋಷವಾಯಿತು.

ಕಣ್ಣಿನ ಖಾತೆ

ಕಾರಿನ ತಪಾಸಣೆ ಹೀಗಾಯಿತು. ಕಣ್ಣಿನದು ನೇತ್ರವೈದ್ಯರಲ್ಲಿ ನಡೆಯಿತು. ಜೊತೆಗೆ ಹೋದ ನನ್ನ ಕಣ್ಣೂ ಪರೀಕ್ಷೆಗೊಳಗಾಯಿತು. ನಾಲ್ವತ್ತರ ನಂತರ ಕಣ್ಣಿನ ಮಸೂರವು ಪೆಡಸಾಗುತ್ತ ಹೋಗುತ್ತದೆ. ದೂರದಿಂದ ಹತ್ತಿರಕ್ಕೆ ದೃಷ್ಟಿಯನ್ನು ಹೊಂದಿಸಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕಾರಿನ ಫಲಕ ಇರುವುದು ತೋಳಿನಳತೆಯ ದೂರದಲ್ಲಿ. ಎರಡು ಭಾಗದ ಕನ್ನಡಕದಲ್ಲಿ ಮೇಲಿನದು ರಸ್ತೆಗೆ, ಕೆಳಗಿನದು ಪುಸ್ತಕಕ್ಕೆ. ಫಲಕ ಎರಡಕ್ಕೂ ಸಲ್ಲದೆ ನಡುವೆ ಬೀಳುತ್ತದೆ. ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಮಸುಕಾದ ಅಂಕಿಯನ್ನು ಎರಡು ಸೆಕೆಂಡು ದಿಟ್ಟಿಸಿದರೆ ಮೂವತ್ತು ಮೀಟರಿಗೂ ಹೆಚ್ಚು ದಾರಿಯನ್ನು ಕುರುಡಾಗಿ ಕ್ರಮಿಸಿದಂತೆ.

ವೈದ್ಯರ ತೀರ್ಪು ಸ್ಪಷ್ಟವಾಗಿತ್ತು. ರಾಯರು ಹಗಲು ಕಾರು ನಡೆಸಬಹುದು, ನಡುದೂರಕ್ಕೂ ಹೊಂದುವ ಕನ್ನಡಕ ಧರಿಸಬೇಕು. ಕಣ್ಣಿನ ಪೊರೆ ಈಗಷ್ಟೇ ಮೂಡುತ್ತಿರುವುದರಿಂದ ಎದುರು ದೀಪಗಳ ಪ್ರಖರತೆಯಲ್ಲಿ, ಅಂದರೆ ಇರುಳಿನಲ್ಲಿ, ನಡೆಸಕೂಡದು. ಆರು ತಿಂಗಳಿಗೊಮ್ಮೆ ತೋರಿಸಬೇಕು. ರಾಯರು ಮರುಮಾತಿಲ್ಲದೆ ಒಪ್ಪಿದರು. ಲೈಸೆನ್ಸಿನ ನವೀಕರಣಕ್ಕೆ ನಾಲ್ವತ್ತು ದಾಟಿದವರು ವೈದ್ಯರ ಪ್ರಮಾಣಪತ್ರ ಕೊಡಬೇಕೆಂಬ ನಿಯಮವನ್ನು ನಾವು ಬರಿಯ ಕಾಗದದ ಕೆಲಸವೆಂದು ಮುಗಿಸಿಬಿಡುತ್ತೇವೆ, ಅದು ತಪ್ಪು.

ಅಂಕಿ–ಮುಳ್ಳುಗಳ ಈ ವಿಚಾರ ನಮ್ಮ ದೇಹಕ್ಕೂ ಅನ್ವಯಿಸುತ್ತದೆ. ಪಾದರಸದ ಮಾಪಕಗಳು ಆರೋಗ್ಯಕ್ಕೂ ಪರಿಸರಕ್ಕೂ ಹಾನಿಕರವೆಂದು 2013ರ ಮಿನಾಮಾಟಾ ಒಪ್ಪಂದದ ತರುವಾಯ ಹಿಂದೆ ಸರಿಯುತ್ತಿವೆ; ಮನೆಮನೆಗೂ ಅಂಕಿಯ ರಕ್ತದೊತ್ತಡ ಯಂತ್ರ ಬಂದಿದೆ. ಒಳ್ಳೆಯದೇ. ಆದರೆ ಒಂದು ಸಲದ ಅಂಕಿ ಕಂಡು ಹೆದರುವುದೂ ಹಿಗ್ಗುವುದೂ ಎರಡೂ ಸಲ್ಲದು. ಚಹಾ, ಕಾಫಿ, ಹೊಗೆಸೊಪ್ಪು ಸೇವಿಸಿ ಅರ್ಧ ಗಂಟೆಯಾದರೂ ಕಳೆದಿರಬೇಕು. ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ನೋಡಿ, ದಿನಾಂಕದೊಡನೆ ಬರೆದಿಡಬೇಕು. ವಾರದ ಅಂಕಿಗಳನ್ನು ಒಂದು ಹಾಳೆಯ ಮೇಲೆ ಚುಕ್ಕೆಗಳಾಗಿ ಗುರುತಿಸಿದರೆ ಮುಳ್ಳು ಎತ್ತ ಸರಿಯುತ್ತಿದೆಯೆಂದು ತಿಳಿಯುತ್ತದೆ. ವೈದ್ಯರಿಗೆ ತೋರಿಸಬೇಕಾದದ್ದು ಆ ಹಾಳೆಯನ್ನು. ಮೂರು ಚೌಕಗಳು ಆರಿದ ಫಲಕವನ್ನು ನಂಬಿ ಘಾಟು ಹತ್ತಿದವರ ಅನುಭವದಿಂದ ಈ ಮಾತನ್ನು ಹೇಳುತ್ತಿದ್ದೇನೆ.

ಈ ಜನವರಿಯಲ್ಲಿ ರಾಯರೊಡನೆ ಮತ್ತೆ ಧಾರವಾಡಕ್ಕೆ ಹೋದೆ. ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಹೊರಟು, ಹೊತ್ತು ಮುಳುಗುವ ಮೊದಲು ತಲುಪುವಂತೆ ಏರ್ಪಾಡು. ಖಂಬಾಟಕಿಯ ಏರಿನಲ್ಲಿ ಉಷ್ಣತೆಯ ಮುಳ್ಳು ನಡುಗೆರೆಯಿಂದ ಒಂದು ಕೂದಲೆಳೆ ಮೇಲೆ ಸರಿಯಿತು. ನಾನು ನೋಡುವಷ್ಟರಲ್ಲಿ ರಾಯರು ತಣ್ಣೀಕರಣ ಯಂತ್ರವನ್ನು ನಿಲ್ಲಿಸಿ ಗೇರನ್ನು ಇಳಿಸಿದ್ದರು. ನೆತ್ತಿಯನ್ನು ತಲುಪುವ ಹೊತ್ತಿಗೆ ಮುಳ್ಳು ಸ್ವಸ್ಥಾನಕ್ಕೆ ಮರಳಿತ್ತು. ನಾನು ಕುಳಿತಿದ್ದುದು ಕಾಕು ಕೂರುತ್ತಿದ್ದ ಆಸನದಲ್ಲಿ. ಓದಿ ಹೇಳಲು ಏನೂ ಇರಲಿಲ್ಲ.

ಸಾತಾರಾ ದಾಟಿದ ಮೇಲೆ ರಾಯರು, “ಇವತ್ತ ಯಾರೂ ಅಂಕಿ ಓದಲಿಲ್ಲ ನೋಡ್ರಿ” ಎಂದರು. ಹಳೆಯ ಗಾಜಿನ ಫಲಕವನ್ನು ಅವರು ಗುಜರಿಗೆ ಹಾಕಿಲ್ಲ. ಬಟ್ಟೆಯಲ್ಲಿ ಸುತ್ತಿ, 1,38,214 ಎಂದು ಬರೆದ ಚೀಟಿಯನ್ನು ಅಂಟಿಸಿ, ಮನೆಯ ಕಪಾಟಿನಲ್ಲಿ ಇರಿಸಿದ್ದಾರೆ.